ಕಲ್ಕುಡನ ನುಡಿ

ನಿನ್ನೆ ರಾತ್ರಿ ಅಜ್ಜಿಮನೆಯ ನೇಮಕ್ಕೆ, ಅಂದರೆ ದೈವಾರಾಧನೆಗೆ, ಹೋಗಿದ್ದೆ. ದೈವದ ಕಾಲಿನ ಗಗ್ಗರದ ಸದ್ದು ಇನ್ನೂ ಕಿವಿಯಲ್ಲಿದೆ.

ತುಳುನಾಡಿನ ದೈವಗಳಾದ ಕಲ್ಕುಡ, ಕಲ್ಲುರ್ಟಿ ಒಂದು ಕಾಲಕ್ಕೆ ನಮ್ಮ ಹಾಗೆ ಮನುಷ್ಯರೇ. ದೈವಗಳ ಕಥೆ ಹೇಳುವ ತುಳು ಹಾಡು ಪಾಡ್ದನದ ಪ್ರಕಾರ ಕಾರ್ಕಳದ ಗೊಮ್ಮಟನನ್ನು ಕಡೆದ ಶಿಲ್ಪಿ ಕಲ್ಕುಡ. ಅಂಥದ್ದು ಇನ್ನೆಲ್ಲೂ ಏಳಬಾರದೆಂದು ಅರಸ ಅವನ ಎಡಗೈಯನ್ನೂ ಬಲಗಾಲನ್ನೂ ಕಡಿಸಿದ. ಅಣ್ಣನಿಗಾದ ಅನ್ಯಾಯಕ್ಕೆ ತಂಗಿ ಕಲ್ಲುರ್ಟಿ ಸಿಡಿದೆದ್ದಳು. ಇಬ್ಬರೂ ಮಾಯವಾಗಿ ದೈವಗಳಾದರು. 42 ಅಡಿಯ ಆ ಮೂರ್ತಿ ನಿಂತದ್ದು 1432ರಲ್ಲಿ. ನಿಲ್ಲಿಸಿದ ವೀರಪಾಂಡ್ಯನ ಹೆಸರು ಶಾಸನದಲ್ಲಿದೆ. ಕೈ ಕಳೆದುಕೊಂಡವನ ಹೆಸರು ಉಳಿದಿರುವುದು ಪಾಡ್ದನದಲ್ಲಿ, ನೇಮದಲ್ಲಿ ವೇಷ ತೊಟ್ಟು ದೈವವಾಗಿ ನುಡಿಯುವ, ದೈವ ಕಟ್ಟುವವರ ಬಾಯಲ್ಲಿ. ಅರಸನ ಅನ್ಯಾಯವನ್ನು ಇಷ್ಟು ಶತಮಾನ ಮರೆಯಗೊಡದವರು ಅವರೇ, ಅದೂ ಊರು ಅಂಗಳದ ಅಂಚಿನಲ್ಲಿ ನಿಲ್ಲಿಸಿದ್ದ ಜಾತಿಗಳವರು. ಇದನ್ನು ನೆನೆದಾಗಲೆಲ್ಲ ಎದೆ ತುಂಬುತ್ತದೆ.

ಅಮ್ಮ ಮತ್ತು ದೊಡ್ಡಮಾವ ಜಾಗದ ವಿಷಯಕ್ಕೆ ಮಾತು ಬಿಟ್ಟು ಎರಡು ವರ್ಷವಾಗಿತ್ತು. ನಡುರಾತ್ರಿ ದೈವ ಇಬ್ಬರನ್ನೂ ಹೆಸರು ಹಿಡಿದು ಕರೆಯಿತು. ‘ಅಣ್ಣನ ನೋವಿಗೆ ತಂಗಿ ನಿಂತದ್ದರಿಂದ ನಾವು ಇಲ್ಲಿದ್ದೇವೆ. ನನ್ನ ಅಂಗಳದಲ್ಲಿ ನೀವು ಬೆನ್ನು ಹಾಕಿ ನಿಲ್ಲುವುದೇ?’ ಎಂದು ತುಳುವಿನಲ್ಲಿ ಕೇಳಿತು. ಮಾತನಾಡಿದ್ದು ಕಲ್ಕುಡನೇ ಎಂದು ನಾನು ನಂಬುತ್ತೇನೆ. ನಂಬದವರಿಗೂ ಆ ಕ್ಷಣದಲ್ಲಿ ಅಮ್ಮನ ಮುಖ ನೋಡಿದ್ದರೆ ಸಾಕಿತ್ತು.

ಬೆಳಗ್ಗೆ ಹೊರಡುವಾಗ ಮಾವ ಎರಡು ಹಲಸಿನಕಾಯಿ ತಂದು ಕಾರಿನಲ್ಲಿಟ್ಟರು.