ಕಾಸಾ ಸ್ವಯಂಸೇವಾ ತರಬೇತಿ: ಪ್ರಮಾಣವಚನದ ಹೊಸ್ತಿಲವರೆಗೆ

ಅಮೆರಿಕದಲ್ಲಿ ಹಿಂಸೆ ಅಥವಾ ನಿರ್ಲಕ್ಷ್ಯದ ಕಾರಣಕ್ಕೆ ಹೆತ್ತವರಿಂದ ಬೇರ್ಪಟ್ಟು, ಸರ್ಕಾರದ ಹೊಣೆಯಲ್ಲಿ ತಾತ್ಕಾಲಿಕವಾಗಿ ಬೇರೆಯವರ ಆರೈಕೆಯಲ್ಲಿ, ಅಂದರೆ ಫಾಸ್ಟರ್ ಕೇರ್‌ನಲ್ಲಿರುವ ಮಕ್ಕಳ ಹಿತವನ್ನು ನ್ಯಾಯಾಲಯದ ಮುಂದಿಡಲು ನ್ಯಾಯಾಧೀಶರೇ ನೇಮಿಸುವ ಸಾಮಾನ್ಯ ನಾಗರಿಕರನ್ನು ‘ಕಾಸಾ’ (CASA, ನ್ಯಾಯಾಲಯ ನೇಮಿಸಿದ ವಿಶೇಷ ಪ್ರತಿನಿಧಿ) ಸ್ವಯಂಸೇವಕರೆಂದು ಕರೆಯುತ್ತಾರೆ. ಈ ಕೆಲಸಕ್ಕೆ ಕಡ್ಡಾಯವಾದ ಆರಂಭಿಕ ತರಬೇತಿಯನ್ನು ನಾನು ಈಗ ಮುಗಿಸಿದ್ದೇನೆ. ಅರ್ಜಿ, ಸಂದರ್ಶನ, ಬೆರಳಚ್ಚು, ಅಪರಾಧ ದಾಖಲೆಗಳ ಪರಿಶೀಲನೆ, ಪರಿಚಿತರ ಶಿಫಾರಸು ಎಲ್ಲವೂ ಆಗಿವೆ. ಪ್ರಮಾಣವಚನ ಮತ್ತು ಮೊದಲ ಪ್ರಕರಣ ಬಾಕಿ ಇವೆ. ಇದಕ್ಕೆ ಕಾನೂನು ಪದವಿ ಬೇಕೆಂದು ಭಾವಿಸಿ ಹಿಂಜರಿಯುವವರಿಗೆ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ಬೇಕಿಲ್ಲ. ರಾಷ್ಟ್ರಮಟ್ಟದ ಸಂಸ್ಥೆಯ ಮಾನದಂಡದಂತೆ ಇಪ್ಪತ್ತೊಂದು ವರ್ಷ ತುಂಬಿರಬೇಕು, ಹಿನ್ನೆಲೆ ಪರಿಶೀಲನೆಯಲ್ಲಿ ತೇರ್ಗಡೆಯಾಗಬೇಕು, ಕನಿಷ್ಠ 30 ಗಂಟೆಗಳ ತರಬೇತಿ ಪಡೆಯಬೇಕು. ಅದಕ್ಕಿಂತ ಮುಖ್ಯವಾಗಿ, ಒಪ್ಪಿಕೊಂಡ ಪ್ರಕರಣ ಮುಗಿಯುವವರೆಗೂ ಬಿಡದೆ ನಿಲ್ಲುವ ಮನಸ್ಸಿರಬೇಕು.

ಆರಂಭದ ತರಗತಿಗಳು

ಮೊದಲ ತರಗತಿಯಲ್ಲಿ ಈ ವ್ಯವಸ್ಥೆ ಏಕೆ ಹುಟ್ಟಿತು ಎಂಬುದನ್ನು ವಿವರಿಸಿದರು. ಸಿಯಾಟಲ್ ನಗರವಿರುವ ಕಿಂಗ್ ಕೌಂಟಿಯ ನ್ಯಾಯಾಧೀಶ ಡೇವಿಡ್ ಸೌಕಪ್ ಅವರಿಗೆ, ಮಗುವಿನ ಇಡೀ ಬದುಕನ್ನು ಬದಲಿಸುವ ತೀರ್ಪುಗಳನ್ನು ತಾವು ಅರೆಬರೆ ಮಾಹಿತಿಯ ಮೇಲೆ ಕೊಡುತ್ತಿದ್ದೇವೆ ಎಂಬ ಆತಂಕ ಕಾಡುತ್ತಿತ್ತು. ಒಂದು ಮಗುವಿನ ಬಗ್ಗೆ ಮಾತ್ರ ಗಮನವಿಟ್ಟು ವಿಚಾರಿಸಿ ತಿಳಿಸಬಲ್ಲ ಸ್ವಯಂಸೇವಕರನ್ನು ನೇಮಿಸುವ ಅವರ ಯೋಜನೆ 1977ರಲ್ಲಿ ಕಾರ್ಯರೂಪಕ್ಕೆ ಬಂತು. ಇಂದಿಗೂ ಕೆಲಸದ ತಿರುಳು ಅದೇ ಆಗಿದೆ. ಮಕ್ಕಳ ಕಲ್ಯಾಣ ಇಲಾಖೆಯ ಸಮಾಜ ಕಾರ್ಯಕರ್ತರ ಮೇಲೆ ಹಲವು ಕುಟುಂಬಗಳ ಹೊಣೆ ಇರುತ್ತದೆ, ವಕೀಲರ ಮೇಜಿನ ಮೇಲೂ ಕಡತಗಳ ರಾಶಿ ಇರುತ್ತದೆ. ಸ್ವಯಂಸೇವಕರಿಗೆ ಸಾಮಾನ್ಯವಾಗಿ ಒಂದೆರಡು ಪ್ರಕರಣಗಳನ್ನು ಮಾತ್ರ ವಹಿಸುತ್ತಾರೆ.

ಕಾನೂನಿನ ಭಾಗ

ಒಣ ವಿಷಯವೆಂದು ಅನೇಕರು ಹೆದರುವ ಈ ಭಾಗವೇ ನನಗೆ ತರಬೇತಿಯ ದಿಕ್ಕನ್ನು ತಿಳಿಸಿಕೊಟ್ಟಿತು. 1997ರ ಒಕ್ಕೂಟ ಕಾನೂನಿನ ಪ್ರಕಾರ, ಮಗು ಫಾಸ್ಟರ್ ಕೇರ್ ಸೇರಿದ 12 ತಿಂಗಳೊಳಗೆ ಅದರ ಶಾಶ್ವತ ನೆಲೆಯ ಕುರಿತು ವಿಚಾರಣೆ ನಡೆಯಬೇಕು. ಕಳೆದ 22 ತಿಂಗಳುಗಳಲ್ಲಿ 15 ತಿಂಗಳು ಮಗು ಫಾಸ್ಟರ್ ಕೇರ್‌ನಲ್ಲಿದ್ದರೆ, ಕೆಲವು ವಿನಾಯಿತಿಗಳನ್ನು ಬಿಟ್ಟು, ಹೆತ್ತವರ ಹಕ್ಕನ್ನು ರದ್ದುಗೊಳಿಸುವಂತೆ ರಾಜ್ಯವು ಅರ್ಜಿ ಸಲ್ಲಿಸಬೇಕು. ವ್ಯಸನದಿಂದ ಹೊರಬರಲು ಹೆಣಗುತ್ತಿರುವ ತಾಯಿಗೆ ಹದಿನೈದು ತಿಂಗಳು ಬಹಳ ಕಡಿಮೆ. ಎರಡು ವರ್ಷದ ಮಗುವಿಗೆ ಅದು ಬದುಕಿನ ಅರ್ಧಕ್ಕಿಂತ ಹೆಚ್ಚು. ಈ ಎರಡು ಗಡಿಯಾರಗಳ ನಡುವಿನ ಸೆಳೆತವನ್ನು ಯಾವ ಕಾನೂನೂ ಪೂರ್ತಿ ಬಗೆಹರಿಸಲಾರದು ಎಂಬುದು ನನ್ನ ಅನಿಸಿಕೆ.

ಹೆತ್ತವರ ಹಕ್ಕನ್ನು ಕಸಿಯಬೇಕಾದರೆ ಸ್ಪಷ್ಟವಾದ, ಮನವರಿಕೆಯಾಗುವಂಥ ಸಾಕ್ಷ್ಯ ಬೇಕೆಂದು ಸುಪ್ರೀಂ ಕೋರ್ಟ್ 1982ರಲ್ಲಿಯೇ ಹೇಳಿದೆ. ಮೂಲನಿವಾಸಿ ಬುಡಕಟ್ಟುಗಳ ಮಕ್ಕಳಿಗೆ 1978ರ ಪ್ರತ್ಯೇಕ ಕಾನೂನು ಅನ್ವಯಿಸುತ್ತದೆ. ತಲೆಮಾರುಗಳ ಕಾಲ ಆ ಮಕ್ಕಳನ್ನು ಅವರ ಸಮುದಾಯಗಳಿಂದ ಅತಿಯಾಗಿ ಬೇರ್ಪಡಿಸಿದ್ದರ ವಿರುದ್ಧ ಬಂದ ಕಾನೂನು ಅದು. 2023ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಈ ಇತಿಹಾಸವನ್ನು ಇನ್ನಷ್ಟು ವಿವರವಾಗಿ ಕಲಿಸಬೇಕಿತ್ತು ಎಂದು ನನಗನಿಸಿತು, ಏಕೆಂದರೆ ಒಳ್ಳೆಯ ಉದ್ದೇಶದ ಹೆಸರಿನಲ್ಲಿ ಎಷ್ಟು ದೊಡ್ಡ ಅನ್ಯಾಯ ನಡೆಯಬಹುದು ಎಂಬುದಕ್ಕೆ ಅದಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಗದು.

ಎಷ್ಟು ಆರೈಕೆ ಸಾಕು?

ಇಡೀ ತರಬೇತಿಯಲ್ಲಿ ಅತಿ ಹೆಚ್ಚು ಚರ್ಚೆಯಾದದ್ದು ಈ ಪ್ರಶ್ನೆ. ಮಗುವಿಗೆ ಎಲ್ಲಕ್ಕಿಂತ ಉತ್ತಮವಾದ ಮನೆ ಯಾವುದು ಎಂದು ಹುಡುಕುವುದು ಸ್ವಯಂಸೇವಕರ ಕೆಲಸವಲ್ಲ. ಹೆತ್ತವರ ಮನೆಯಲ್ಲಿ ಮಗು ಸುರಕ್ಷಿತವಾಗಿರಲು ಬೇಕಾದ ಕನಿಷ್ಠ ಮಟ್ಟದ ಆರೈಕೆ ಇದೆಯೇ, ಇಲ್ಲದಿದ್ದರೆ ಯಾವ ನೆರವಿನಿಂದ ಅದು ಸಾಧ್ಯವಾದೀತು ಎಂಬುದನ್ನು ಅವರು ನೋಡಬೇಕು. ಫಾಸ್ಟರ್ ಕುಟುಂಬಕ್ಕೆ ದೊಡ್ಡ ಮನೆ, ಒಳ್ಳೆಯ ಶಾಲೆ, ಬೇಸಿಗೆ ಶಿಬಿರಕ್ಕೆ ಕಳಿಸುವ ಅನುಕೂಲ ಎಲ್ಲ ಇರಬಹುದು. ಆದರೆ ಅವು ಮಗುವನ್ನು ತಾಯಿಯಿಂದ ದೂರವಿಡಲು ಕಾರಣವಾಗಲಾರವು. ಮಕ್ಕಳನ್ನು ಬೇರ್ಪಡಿಸಿದ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ನಿರ್ಲಕ್ಷ್ಯವನ್ನು ಕಾರಣವಾಗಿ ನಮೂದಿಸಿರುತ್ತಾರೆ, ಮತ್ತು ನಿರ್ಲಕ್ಷ್ಯವನ್ನೂ ಬಡತನವನ್ನೂ ಬೇರೆಯಾಗಿ ಕಾಣುವುದಕ್ಕೆ ಕಣ್ಣು ಪಳಗಬೇಕು. ಮಧ್ಯಮವರ್ಗದ ಮನೆಯಲ್ಲಿ ಬೆಳೆದು, ಓದು ಮತ್ತು ಅಚ್ಚುಕಟ್ಟುತನಗಳೇ ಒಳ್ಳೆಯ ಪಾಲನೆಯ ಗುರುತು ಎಂದು ನಂಬಿದ ನಮ್ಮಂಥವರಿಗೆ ಈ ಅಭ್ಯಾಸ ತೀರಾ ಅಗತ್ಯವೆಂದು ನಾನು ಭಾವಿಸುತ್ತೇನೆ.

ಬಂಧುಗಳ ಮನೆಯ ಆರೈಕೆಗೆ ಈಗ ಹೆಚ್ಚಿನ ಒತ್ತು ಸಿಗುತ್ತಿರುವುದು ಸಂತೋಷದ ವಿಷಯ. ಮಗುವನ್ನು ಬೇರ್ಪಡಿಸಿದ 30 ದಿನಗಳೊಳಗೆ ಅಜ್ಜ ಅಜ್ಜಿ ಮೊದಲಾದ ವಯಸ್ಕ ಬಂಧುಗಳನ್ನು ಹುಡುಕಿ ತಿಳಿಸಲು ಶ್ರಮಿಸಬೇಕೆಂದೂ, ಒಡಹುಟ್ಟಿದವರನ್ನು ಒಟ್ಟಿಗೆ ಇರಿಸಲು ಪ್ರಯತ್ನಿಸಬೇಕೆಂದೂ 2008ರ ಕಾನೂನು ಹೇಳುತ್ತದೆ.

ವರದಿ ಬರೆಯುವ ಅಭ್ಯಾಸ

ಸ್ವಯಂಸೇವಕರ ದನಿ ನ್ಯಾಯಾಧೀಶರನ್ನು ತಲುಪುವುದು ಬಹುಪಾಲು ಬರಹದ ಮೂಲಕ. ಆದ್ದರಿಂದ ಕಲ್ಪಿತ ಪ್ರಕರಣಗಳನ್ನು ಕೊಟ್ಟು, ಸಂದರ್ಶನದ ಟಿಪ್ಪಣಿಗಳನ್ನು ಓದಿಸಿ, ವರದಿಗಳನ್ನು ಬರೆಸಿದರು. ‘ಮನೆ ಕೊಳಕಾಗಿತ್ತು’ ಎಂಬ ವಾಕ್ಯಕ್ಕೆ ವರದಿಯಲ್ಲಿ ಜಾಗವಿಲ್ಲ. ಅಡುಗೆಮನೆಯಲ್ಲಿ ಏನು ಕಂಡಿತು, ಮಗು ಮಲಗುವ ಜಾಗ ಹೇಗಿತ್ತು, ಅದನ್ನು ಯಾವ ದಿನ ನೋಡಲಾಯಿತು, ತಾವೇ ನೋಡಿದ್ದೋ ಬೇರೆಯವರು ಹೇಳಿದ್ದೋ ಎಂಬುದು ಇರಬೇಕು. ‘ತಾಯಿಗೆ ಆಸಕ್ತಿ ಇಲ್ಲ’ ಎಂದು ಬರೆಯುವಂತಿಲ್ಲ. ನಿಗದಿಯಾದ ಯಾವ ಭೇಟಿಗಳಿಗೆ ಬಂದರು, ಯಾವುದಕ್ಕೆ ಬರಲಿಲ್ಲ, ಕಾರಣ ಕೇಳಿದಾಗ ಏನು ಹೇಳಿದರು ಎಂದು ಬರೆಯಬೇಕು.

ಒಂದು ಕಲ್ಪಿತ ಪ್ರಕರಣದಲ್ಲಿ ತಾಯಿ ಮೇಲಿಂದ ಮೇಲೆ ಭೇಟಿ ತಪ್ಪಿಸಿರುತ್ತಾಳೆ. ಟಿಪ್ಪಣಿಗಳನ್ನು ಕೊನೆಯವರೆಗೂ ಓದಿದರೆ, ಭೇಟಿಯ ಸಮಯವೂ ಅವಳ ಕೆಲಸದ ಪಾಳಿಯೂ ಒಂದರ ಮೇಲೊಂದು ಬೀಳುತ್ತಿವೆ, ಆ ಕೆಲಸವನ್ನು ಉಳಿಸಿಕೊಳ್ಳಬೇಕೆಂಬುದು ನ್ಯಾಯಾಲಯದ್ದೇ ಷರತ್ತು ಎಂಬುದು ತಿಳಿಯುತ್ತದೆ. ಭೇಟಿಯ ಸಮಯವನ್ನು ಸಂಜೆಗೆ ಬದಲಿಸಬೇಕೆಂಬ ಒಂದೇ ಸಾಲಿನ ಶಿಫಾರಸು, ಮಗುವಿನ ಸಂಕಟವನ್ನು ವರ್ಣಿಸುವ ಪುಟಗಳಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಶಿಫಾರಸು ಎಂದರೆ ಯಾರು, ಏನನ್ನು, ಯಾವಾಗಿನೊಳಗೆ ಮಾಡಬೇಕು ಎಂಬ ಸ್ಪಷ್ಟತೆ ಇರಬೇಕೆಂದು ತರಬೇತುದಾರರು ಪಟ್ಟುಹಿಡಿದು ಹೇಳುತ್ತಿದ್ದರು, ಮತ್ತು ಅವರ ಪಟ್ಟು ಸರಿಯಾದದ್ದು.

ಮಗು ಬಯಸುವುದು ಒಂದು, ಮಗುವಿನ ಹಿತ ಮತ್ತೊಂದು ಆದಾಗ ಏನು ಮಾಡಬೇಕೆಂಬ ಚರ್ಚೆಯೂ ದೀರ್ಘವಾಗಿ ನಡೆಯಿತು. ನಾವು ಶಿಫಾರಸು ಮಾಡುವುದು ಹಿತವನ್ನು ನೋಡಿ. ಆದರೂ ಮಗುವಿನ ಬಯಕೆಯನ್ನು ಅದರ ಮಾತಿನಲ್ಲಿಯೇ ವರದಿಯಲ್ಲಿ ದಾಖಲಿಸಬೇಕು. ಮನೆಗೆ ಹಿಂತಿರುಗಬೇಕೆಂದು ಹಂಬಲಿಸುವ ಮಗುವಿನ ದನಿ, ನಮ್ಮ ಅಭಿಪ್ರಾಯ ಬೇರೆ ಇದೆ ಎಂಬ ಕಾರಣಕ್ಕೆ ನ್ಯಾಯಾಲಯದ ಹೊರಗೇ ಉಳಿಯಬಾರದು.

ಮಿತಿಗಳು

ಮಗುವನ್ನು ತಮ್ಮ ಮನೆಗೆ ಕರೆತರುವಂತಿಲ್ಲ, ಕುಟುಂಬಕ್ಕೆ ಹಣ ಕೊಡುವಂತಿಲ್ಲ, ಆಪ್ತಸಲಹೆಗಾರರ ಪಾತ್ರ ವಹಿಸುವಂತಿಲ್ಲ, ಈಡೇರಿಸಲಾಗದ ಭರವಸೆ ಕೊಡುವಂತಿಲ್ಲ. ಗೋಪ್ಯತೆಯ ನಿಯಮವಂತೂ ಬಹಳ ಕಟ್ಟುನಿಟ್ಟಾಗಿದೆ. ಆದ್ದರಿಂದ ಪ್ರಕರಣ ದೊರೆತ ಮೇಲೆ ನನ್ನ ಇಂಥ ಬರಹಗಳಲ್ಲಿ ಕಲಿಕೆಯ ವಿಷಯವಷ್ಟೇ ಇರುತ್ತದೆ, ಮಗುವಿನ ಕುರಿತು ಒಂದು ಅಕ್ಷರವೂ ಇರುವುದಿಲ್ಲ.

ಈಗಿನ ಸ್ಥಿತಿ

ವಿಚಾರಣೆಗಳನ್ನು ನ್ಯಾಯಾಲಯದಲ್ಲಿ ಕುಳಿತು ನೋಡುವ ಹಂತವೂ ಮುಗಿದಿದೆ. ಒಂದು ಕುಟುಂಬದ ವಿಷಯ ಕೆಲವೇ ನಿಮಿಷಗಳಲ್ಲಿ ಮುಗಿದು ಮುಂದಿನದನ್ನು ಕರೆಯುವುದನ್ನು ಕಣ್ಣಾರೆ ಕಂಡ ಮೇಲೆ, ವರದಿ ಚಿಕ್ಕದಾಗಿಯೂ ನಿಖರವಾಗಿಯೂ ಇರಬೇಕೆಂಬ ಒತ್ತಾಯದ ಅರ್ಥ ಪೂರ್ಣವಾಗಿ ಮನದಟ್ಟಾಯಿತು.

ಪ್ರಮಾಣವಚನದ ನಂತರ ಪ್ರತಿ ವರ್ಷ 12 ಗಂಟೆಗಳ ಮುಂದುವರಿದ ತರಬೇತಿ ಇರುತ್ತದೆ. ಅದಕ್ಕೆ ನಾನು ಮೊದಲು ಆರಿಸಿಕೊಂಡಿರುವುದು ಶಿಕ್ಷಣದ ವಿಷಯವನ್ನು. ಫಾಸ್ಟರ್ ಕೇರ್‌ನಲ್ಲಿರುವ ಮಗುವನ್ನು, ಅದರ ಹಿತಕ್ಕೆ ವಿರುದ್ಧವಾಗದಿದ್ದರೆ, ಮೊದಲಿನ ಶಾಲೆಯಲ್ಲಿಯೇ ಮುಂದುವರಿಸಬೇಕು; ಶಾಲೆ ಬದಲಿಸಲೇಬೇಕಾದರೆ ದಾಖಲೆಗಳಿಗಾಗಿ ಕಾಯದೆ ತಕ್ಷಣ ಸೇರಿಸಿಕೊಳ್ಳಬೇಕು ಎಂದು 2015ರ ಶಿಕ್ಷಣ ಕಾನೂನು ಹೇಳುತ್ತದೆ. ಆ ನಿಯಮವನ್ನು ಶಾಲೆಯ ಕಚೇರಿಯಲ್ಲಿ ಯಾರ ಮುಂದೆ ಹೇಗೆ ಪ್ರಸ್ತಾಪಿಸಬೇಕು, ವಿಶೇಷ ಶಿಕ್ಷಣದ ಅಗತ್ಯವಿರುವ ಮಗುವಿನ ಯೋಜನೆ ಹೊಸ ಶಾಲೆಗೆ ತಡವಿಲ್ಲದೆ ತಲುಪುವಂತೆ ಹೇಗೆ ನೋಡಿಕೊಳ್ಳಬೇಕು ಎಂಬುದನ್ನು ಮೊದಲ ಪ್ರಕರಣ ಕೈಗೆ ಬರುವ ಮುನ್ನವೇ ಕಲಿತಿರಬೇಕೆಂಬುದು ನನ್ನ ಯೋಜನೆ. ಅದಾದ ಮೇಲೆ, ತಮ್ಮ ಪ್ರಕರಣದ ಯೋಜನೆಯಲ್ಲಿ ತಾವೇ ಪಾಲ್ಗೊಳ್ಳುವ ಹಕ್ಕುಳ್ಳ ಹದಿನಾಲ್ಕು ವರ್ಷ ಮೇಲ್ಪಟ್ಟವರೊಡನೆ ಕೆಲಸ ಮಾಡುವ ಬಗೆಯ ತರಗತಿಗೆ ಹೆಸರು ನೋಂದಾಯಿಸುತ್ತೇನೆ.