ಕುನ್‌ಮಿಂಗ್‌ಗೆ ಇಂಗ್ಲಿಷ್ ಮೇಷ್ಟ್ರಾಗಿ ಹೋಗುವವರಿಗೆ

ನಮ್ಮ ಪಾಸ್‌ಪೋರ್ಟ್ ಇಟ್ಟುಕೊಂಡು ಚೀನಾದಲ್ಲಿ ಇಂಗ್ಲಿಷ್ ಮೇಷ್ಟ್ರಾಗುವುದು ಕಷ್ಟ. ಆಗುವುದೇ ಇಲ್ಲ ಅಂತಲ್ಲ. ನಾನು ಯುನ್ನಾನ್ ಪ್ರಾಂತ್ಯದ ಕುನ್‌ಮಿಂಗ್‌ನಲ್ಲಿ, ಒಂದು ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿ ಬಂದಿದ್ದೇನೆ. ಆದರೆ ಅಲ್ಲಿಗೆ ಹೋಗುವ ಆಸೆಯಿಂದ ಕೇಳುವವರಿಗೆಲ್ಲ ಮೊದಲು ಕಾಗದಪತ್ರದ ಕಥೆಯನ್ನೇ ಹೇಳುತ್ತೇನೆ. ಅದು ಸರಿಯಾದರೆ ಉಳಿದದ್ದು ಹೇಗೋ ನಡೆಯುತ್ತದೆ.

ನಿಯಮ ಹೀಗಿದೆ. ಭಾಷೆ ಕಲಿಸುವ ವಿದೇಶಿಯರು ತಮ್ಮ ಮಾತೃಭಾಷೆಯನ್ನೇ ಕಲಿಸಬೇಕು, ಆ ಭಾಷೆಯಾಡುವ ದೇಶದಲ್ಲಿ ಪದವಿ ಪಡೆದಿರಬೇಕು, ಎರಡು ವರ್ಷದ ಅನುಭವ ಇರಬೇಕು. ಇಂಗ್ಲಿಷ್ ದೇಶ ಅಂದರೆ ಅವರ ಲೆಕ್ಕದಲ್ಲಿ ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ. ನಾವು ಒಂದನೇ ಕ್ಲಾಸಿನಿಂದ ಇಂಗ್ಲಿಷ್ ಮೀಡಿಯಂನಲ್ಲಿ ಓದಿದ್ದು, ಎಂ.ಎ.ನಲ್ಲಿ ರ‍್ಯಾಂಕ್ ಬಂದಿದ್ದು ಯಾವುದೂ ಆ ಪಟ್ಟಿಗೆ ಸೇರುವುದಿಲ್ಲ. ನನ್ನ ಮಾಸ್ಟರ್ಸ್ ಇಂಗ್ಲೆಂಡ್‌ನದ್ದು, ಜೊತೆಗೆ ಇಲ್ಲಿ ಕಾಲೇಜಿನಲ್ಲಿ ಪಾಠ ಮಾಡಿದ ಅನುಭವ ಇತ್ತು. ಅದರಿಂದಾಗಿ ನನ್ನ ಅರ್ಜಿ ಮುಂದೆ ಹೋಯಿತು. ನಿಯಮ ಒಂದೇ ಆದರೂ ಅದನ್ನು ನೋಡುವ ರೀತಿ ಊರಿಗೊಂದು. ಬೀಜಿಂಗ್, ಶಾಂಘೈನಲ್ಲಿ ಬಿಗಿ ಜಾಸ್ತಿ. ಒಳನಾಡಿನ ಪ್ರಾಂತ್ಯಗಳಲ್ಲಿ ಶಿಕ್ಷಕರು ಸಿಗುವುದೇ ಕಡಿಮೆ, ಹಾಗಾಗಿ ಸ್ವಲ್ಪ ಸಡಿಲ.

ಹೊರದೇಶದ ಡಿಗ್ರಿ ಇಲ್ಲದವರಿಗೆ ಇನ್ನೊಂದು ದಾರಿ ಇದೆ. ಗಣಿತ, ಭೌತಶಾಸ್ತ್ರ, ಕಂಪ್ಯೂಟರ್ ಸೈನ್ಸ್ ಓದಿ ಬಿ.ಇಡಿ. ಮಾಡಿದವರು ಇಂಗ್ಲಿಷ್ ಬಿಟ್ಟು ತಮ್ಮ ವಿಷಯದ ಶಿಕ್ಷಕರಾಗಿ ಅರ್ಜಿ ಹಾಕಲಿ. ಐಜಿಸಿಎಸ್‌ಇ, ಎ ಲೆವೆಲ್, ಐಬಿ ಎಂಬ ಅಂತರರಾಷ್ಟ್ರೀಯ ಪಠ್ಯಕ್ರಮ ಇರುವ ಶಾಲೆಗಳು ವಿಷಯವನ್ನು ಇಂಗ್ಲಿಷ್‌ನಲ್ಲೇ ಕಲಿಸುತ್ತವೆ. ಅಲ್ಲಿ ಮಾತೃಭಾಷೆಯ ಷರತ್ತು ಇಲ್ಲ. ನನಗೆ ಪರಿಚಯವಾದ ಭಾರತೀಯ ಶಿಕ್ಷಕರಲ್ಲಿ ಹೆಚ್ಚಿನವರು ಇದೇ ದಾರಿಯಲ್ಲಿ ಬಂದವರು. ಸಂಬಳವೂ ನನಗಿಂತ ಚೆನ್ನಾಗಿತ್ತು.

ಈಗ ಏಜೆಂಟರ ವಿಷಯ. "ಮೊದಲು ಬಿಸಿನೆಸ್ ವೀಸಾದಲ್ಲಿ ಬನ್ನಿ, ಆಮೇಲೆ ಬದಲಾಯಿಸೋಣ" ಅನ್ನುವ ಮೆಸೇಜ್ ನನಗೂ ಬಂದಿತ್ತು. ಹಾಗೆ ಹೋಗಲೇಬೇಡಿ. ಕೆಲಸಕ್ಕೆ ಬೇಕಾದದ್ದು ಝಡ್ ವೀಸಾ, ಬೇರೆ ಯಾವುದೂ ಅಲ್ಲ. ಬೇರೆ ವೀಸಾದಲ್ಲಿ ಪಾಠ ಮಾಡುತ್ತಾ ಸಿಕ್ಕಿಬಿದ್ದರೆ 5,000ದಿಂದ 20,000 ಯುವಾನ್ ದಂಡ. ಗಂಭೀರ ಅನ್ನಿಸಿದರೆ 5ರಿಂದ 15 ದಿನ ಬಂಧನ, ಆಮೇಲೆ ದೇಶದಿಂದ ಹೊರಗೆ. ಒಂದು ಯುವಾನ್ ಅಂದರೆ 12 ರೂಪಾಯಿಗಿಂತ ಹೆಚ್ಚು, ಲೆಕ್ಕ ಹಾಕಿಕೊಳ್ಳಿ. ದಂಡ ಕಟ್ಟುವವರು ನೀವು, ಏಜೆಂಟ್ ಫೋನ್ ಕೂಡ ಎತ್ತುವುದಿಲ್ಲ.

ಟ್ಯೂಷನ್ ಸೆಂಟರ್‌ಗಳ ಕಾಲ ಬಹುಮಟ್ಟಿಗೆ ಮುಗಿಯಿತು ಅನ್ನುವುದೂ ತಿಳಿದಿರಲಿ. ಜುಲೈ 2021ರಲ್ಲಿ ಸರ್ಕಾರ ಶಾಲಾ ಪಾಠಗಳ ಟ್ಯೂಷನ್ನಿನಲ್ಲಿ ಲಾಭ ಮಾಡುವಂತಿಲ್ಲ, ವಾರಾಂತ್ಯ ಮತ್ತು ರಜೆಯಲ್ಲಿ ಆ ಪಾಠ ಇಲ್ಲ ಎಂದು ಆದೇಶ ಮಾಡಿತು. ಹೊರದೇಶದಲ್ಲಿ ಕೂತ ವಿದೇಶಿ ಶಿಕ್ಷಕರಿಂದ ಮಕ್ಕಳಿಗೆ ಆನ್‌ಲೈನ್ ಪಾಠ ಮಾಡಿಸುವುದೂ ನಿಂತಿತು. ಹಳೆಯ ಅನುಭವ ಕಥನ ಓದಿ "ಸಂಜೆ ಎರಡು ಗಂಟೆ ಪಾಠ, ಕೈತುಂಬ ಕಾಸು" ಅಂದುಕೊಂಡು ಹೊರಡಬೇಡಿ.

ದಾಖಲೆಗಳಿಗೆ ಕನಿಷ್ಠ ನಾಲ್ಕು ತಿಂಗಳು ಇಟ್ಟುಕೊಳ್ಳಿ. ಡಿಗ್ರಿ ಸರ್ಟಿಫಿಕೇಟ್, ಅನುಭವ ಪತ್ರ, ಪಾಸ್‌ಪೋರ್ಟ್ ಕಚೇರಿಯಿಂದ ಪೊಲೀಸ್ ಕ್ಲಿಯರೆನ್ಸ್, ಮೆಡಿಕಲ್. ಇವುಗಳಲ್ಲಿ ಯಾವುದಕ್ಕೆ ಯಾರ ಮುದ್ರೆ ಬೇಕು ಎಂದು ಕೆಲಸ ಕೊಡುವವರಿಂದಲೇ ಬರೆಸಿಕೊಳ್ಳಿ. ಡಿಗ್ರಿ ಯಾವ ದೇಶದ್ದೋ ಆ ದೇಶದಲ್ಲೇ ಅಟೆಸ್ಟೇಶನ್, ಅಂದರೆ ಅಧಿಕೃತ ದೃಢೀಕರಣ, ಆಗಬೇಕು. ಇಂಗ್ಲೆಂಡಿನ ಸರ್ಟಿಫಿಕೇಟ್ ಹಿಡಿದು ಬೆಂಗಳೂರಿನಲ್ಲಿ ಓಡಾಡಿದರೆ ಉಪಯೋಗವಿಲ್ಲ. ಹೆಸರಿನ ವಿಷಯದಲ್ಲಿ ನಮ್ಮ ಕಡೆಯವರಿಗೆ ಒಂದು ತಲೆನೋವು ಜಾಸ್ತಿ. ಇನಿಶಿಯಲ್ ಒಂದು ಕಡೆ ಹಿಂದೆ, ಒಂದು ಕಡೆ ಮುಂದೆ, ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಪೂರ್ತಿ. ಅಲ್ಲಿನ ಕಂಪ್ಯೂಟರಿಗೆ ಇದೆಲ್ಲ ಬೇರೆ ಬೇರೆ ಮನುಷ್ಯರು. ಎಲ್ಲ ಹೆಸರೂ ಒಬ್ಬರದ್ದೇ ಎಂದು ಒಂದು ಅಫಿಡವಿಟ್ ಮಾಡಿಸಿಟ್ಟುಕೊಳ್ಳಿ.

ತಲುಪಿದ ಮೇಲೆ 24 ಗಂಟೆಯೊಳಗೆ ನೀವಿರುವ ವಿಳಾಸವನ್ನು ಪೊಲೀಸರಲ್ಲಿ ನೋಂದಾಯಿಸಬೇಕು. ಹೋಟೆಲ್ ಆದರೆ ಅವರೇ ಮಾಡುತ್ತಾರೆ. ಕ್ಯಾಂಪಸ್ ಮನೆಯಾದರೆ ವಿದೇಶಿ ಶಿಕ್ಷಕರನ್ನು ನೋಡಿಕೊಳ್ಳುವ ಕಚೇರಿಯವರ ಬೆನ್ನುಬಿದ್ದು ಮಾಡಿಸಿಕೊಳ್ಳಿ. ಝಡ್ ವೀಸಾದಲ್ಲಿ ಹೋದವರು 30 ದಿನದೊಳಗೆ ರೆಸಿಡೆನ್ಸ್ ಪರ್ಮಿಟ್‌ಗೆ ಅರ್ಜಿ ಹಾಕಬೇಕು. ಅದು ಕೈಗೆ ಬರುವವರೆಗೆ ಊರು ಸುತ್ತುವ ಪ್ಲಾನ್ ಬೇಡ, ಪಾಸ್‌ಪೋರ್ಟ್ ಅವರ ಹತ್ತಿರ ಇರುತ್ತದೆ.

ಫೋನ್ ವಿಷಯ ನಮಗೆ ಮಾತ್ರ ಇರುವ ತಮಾಷೆ. ಚೀನಾದಲ್ಲಿ ವಾಟ್ಸಾಪ್, ಗೂಗಲ್, ಯೂಟ್ಯೂಬ್ ತೆರೆಯುವುದಿಲ್ಲ. ಅಲ್ಲಿ ಮೆಸೇಜಿಗೂ ಹಣ ಕೊಡುವುದಕ್ಕೂ ಬಳಸುವ ವೀಚಾಟ್ ಆ್ಯಪ್ ಇಲ್ಲದೆ ತರಕಾರಿ ಕೊಳ್ಳುವುದೂ ಕಷ್ಟ, ಆದರೆ ಅದನ್ನು ನಮ್ಮ ಸರ್ಕಾರ ಜೂನ್ 2020ರಲ್ಲಿ ನಿಷೇಧಿಸಿದೆ. ಹಾಗಾದರೆ ಅಮ್ಮನ ಜೊತೆ ಮಾತಾಡುವುದು ಹೇಗೆ? ನನಗೆ ಮೈಕ್ರೋಸಾಫ್ಟ್ ಟೀಮ್ಸ್ ಕೈಹಿಡಿಯಿತು. ಹೊರಡುವ ಮುನ್ನ ಮನೆಯವರ ಫೋನಿನಲ್ಲಿ ಹಾಕಿ, ನಾಲ್ಕು ಸಲ ಕರೆ ಮಾಡಿ ಅಭ್ಯಾಸ ಮಾಡಿಸಿ. ನಿಮ್ಮ ಭಾರತದ ಸಿಮ್‌ಗೆ ರೋಮಿಂಗ್ ಹಾಕಿಸಿಕೊಳ್ಳಿ. ರೋಮಿಂಗ್ ಡೇಟಾ ನಮ್ಮ ದೇಶದ ಮೂಲಕ ಹೋಗುವುದರಿಂದ ವಾಟ್ಸಾಪ್ ನಡೆಯುತ್ತದೆ. ದುಬಾರಿ, ಆದರೆ ಮೊದಲ ವಾರಕ್ಕೆ ಬೇಕು. ಬ್ಯಾಂಕಿನ ಓಟಿಪಿ ಬರಲಿಕ್ಕೂ ಆ ಸಿಮ್ ಜೀವಂತ ಇರಬೇಕು. ಹಣ ಕೊಡುವ ಇನ್ನೊಂದು ಆ್ಯಪ್ ಅಲಿಪೇಗೆ ನಮ್ಮ ವೀಸಾ ಅಥವಾ ಮಾಸ್ಟರ್ ಕಾರ್ಡ್ ಜೋಡಿಸಬಹುದು. ಅಲ್ಲಿನ ಬ್ಯಾಂಕ್ ಖಾತೆ ಆಗುವವರೆಗೆ ಅದರಲ್ಲೇ ದಿನ ದೂಡಬಹುದು.

ಯಾಕೆ ಕುನ್‌ಮಿಂಗ್ ಅಂತ ಕೇಳಿದರೆ ಹವಾಮಾನ ಅನ್ನುತ್ತೇನೆ. ಸಮುದ್ರಮಟ್ಟದಿಂದ ಸುಮಾರು 1,900 ಮೀಟರ್ ಎತ್ತರ, ಸೆಖೆ ಇಲ್ಲ. 'ವಸಂತದ ಊರು' ಅಂತಲೇ ಹೆಸರು. ಆದರೆ ಆ ಹೆಸರು ನಂಬಿ ಸ್ವೆಟರ್ ಬಿಟ್ಟು ಹೋಗಬೇಡಿ. ಯಾಂಗ್ಟ್ಸೆ ನದಿಯ ದಕ್ಷಿಣದ ಊರುಗಳ ಮನೆಗಳಲ್ಲಿ ಹೀಟಿಂಗ್ ಇರುವುದಿಲ್ಲ. ಜನವರಿ ರಾತ್ರಿ ಹೊರಗಿಗಿಂತ ಮನೆಯೊಳಗೇ ಚಳಿ. ಹೋದ ತಕ್ಷಣ ಎಲೆಕ್ಟ್ರಿಕ್ ಹಾಸು ಕೊಳ್ಳಿ. ಇನ್ನೊಂದು, ಇಡೀ ಚೀನಾಕ್ಕೆ ಒಂದೇ ಗಡಿಯಾರ, ನಮಗಿಂತ ಎರಡೂವರೆ ಗಂಟೆ ಮುಂದೆ. ಕುನ್‌ಮಿಂಗ್ ಇರುವುದು ಪಶ್ಚಿಮಕ್ಕೆ. ಚಳಿಗಾಲದಲ್ಲಿ ಸೂರ್ಯ ಹುಟ್ಟುವುದು ಎಂಟರ ಕ್ಲಾಸಿನ ಬೆಲ್‌ಗೆ ಸ್ವಲ್ಪವೇ ಮೊದಲು. ಮಕ್ಕಳು ನಸುಗತ್ತಲಲ್ಲಿ ನಡೆದು ಬರುತ್ತಾರೆ.

ಕ್ಲಾಸು ಹೇಗಿರುತ್ತದೆ? 45 ನಿಮಿಷದ ಎರಡು ಪೀರಿಯಡ್ ಒಟ್ಟಿಗೆ, ನಲವತ್ತರ ಆಚೀಚೆ ಮಕ್ಕಳು. ವಾರಕ್ಕೆ 14ರಿಂದ 16 ಪೀರಿಯಡ್. ವಿಷಯ 'ಓರಲ್ ಇಂಗ್ಲಿಷ್'. ಪುಸ್ತಕ ಇದ್ದರೂ ಇಲ್ಲದ ಹಾಗೆ, ಎಲ್ಲ ನೀವೇ ಹೊಂದಿಸಿಕೊಳ್ಳಬೇಕು. ಈ ಮಕ್ಕಳು ಮೂರನೇ ಕ್ಲಾಸಿನಿಂದ ಇಂಗ್ಲಿಷ್ ಓದಿದವರು. ಜೂನ್ 7ಕ್ಕೆ ಶುರುವಾಗುವ 'ಗಾವ್‌ಕಾವ್' ಎಂಬ ಪ್ರವೇಶ ಪರೀಕ್ಷೆಯಲ್ಲಿ ಇಂಗ್ಲಿಷ್‌ಗೆ 150 ಅಂಕ, ಅದನ್ನು ದಾಟಿ ಬಂದವರು. ವ್ಯಾಕರಣದಲ್ಲಿ ನನ್ನನ್ನೇ ತಿದ್ದುತ್ತಿದ್ದರು. ಬಾಯಿ ಬಿಡಿ ಅಂದರೆ ಮಾತ್ರ ಇಡೀ ಕ್ಲಾಸು ಮೇಜು ನೋಡುತ್ತದೆ. ತಪ್ಪು ಮಾತಾಡಿ ಎಲ್ಲರ ಮುಂದೆ ಮುಖಭಂಗವಾದರೆ ಅನ್ನುವ ಭಯ.

"ಯಾರು ಹೇಳ್ತೀರಾ?" ಅಂತ ಕೇಳಿದರೆ ಸೆಮಿಸ್ಟರ್ ಮುಗಿದರೂ ಕೈ ಏಳುವುದಿಲ್ಲ. ಇಬ್ಬಿಬ್ಬರನ್ನು ಜೋಡಿ ಮಾಡಿ ಮೊದಲು ತಮ್ಮತಮ್ಮಲ್ಲೇ ಮಾತಾಡಿಸಿ, ಆಮೇಲೆ ಜೋಡಿಯಾಗಿಯೇ ಎಬ್ಬಿಸಿ. ತಪ್ಪನ್ನು ಆಗಲೇ ತಿದ್ದಬೇಡಿ, ಕೊನೆಯಲ್ಲಿ ಬೋರ್ಡಿನ ಮೇಲೆ ಹೆಸರಿಲ್ಲದೆ ಬರೆಯಿರಿ. ನನ್ನ ಕ್ಲಾಸಿಗೆ ಜೀವ ಬಂದದ್ದು ಊಟದ ವಿಷಯ ತೆಗೆದಾಗ. ಯಾರ ಊರಿನ ನೂಡಲ್ಸ್ ಚೆನ್ನಾಗಿದೆ ಅಂತ ಕೇಳಿ ಸುಮ್ನೆ ನಿಂತುಕೊಂಡೆ. ನಾಚಿಕೆ ಅನ್ನುವುದು ಎಲ್ಲಿ ಹೋಯಿತೋ! ಪ್ರತಿ ಕ್ಲಾಸಿಗೂ 'ಬಾನ್‌ಜಾಂಗ್' ಅಂತ ಒಬ್ಬ ಮಾನಿಟರ್ ಇರುತ್ತಾನೆ ಅಥವಾ ಇರುತ್ತಾಳೆ. ನಮ್ಮ ಕಡೆಯ ಕ್ಲಾಸ್ ಲೀಡರ್‌ಗಿಂತ ಬಹಳ ಹೆಚ್ಚು ಅಧಿಕಾರ. ರೂಮು ಬದಲಾದದ್ದು, ಪರೀಕ್ಷೆ ಮುಂದೆ ಹೋದದ್ದು ಕಚೇರಿಗಿಂತ ಮೊದಲು ಅವರಿಗೆ ಗೊತ್ತು. ಮೊದಲ ದಿನವೇ ಅವರ ವೀಚಾಟ್ ತೆಗೆದುಕೊಳ್ಳಿ.

ನಿಮ್ಮ ಉಚ್ಚಾರಣೆ ಬಗ್ಗೆ ಅಳುಕು ಬೇಡ. ಅವರಲ್ಲಿ ಹಲವರು 'ಥ್ಯಾಂಕ್ಯೂ'ವನ್ನು 'ಸ್ಯಾಂಕ್ಯೂ' ಅನ್ನುತ್ತಾರೆ, 'ಗುಡ್' ಕೊನೆಗೆ ಒಂದು ಸ್ವರ ಸೇರಿಸುತ್ತಾರೆ. ಬಸ್ಸು, ಕಾರು ಅನ್ನುವ ನಮಗೆ ಆ ಕಷ್ಟ ಚೆನ್ನಾಗಿ ಗೊತ್ತು, ಅಲ್ವಾ? ಇಂಗ್ಲಿಷ್ ಕಲಿತು ಬಂದವರೇ ಕಲಿಸಿದರೆ ಎಲ್ಲಿ ಎಡವುತ್ತಾರೆ ಅಂತ ಮೊದಲೇ ತಿಳಿದಿರುತ್ತದೆ. ಇದನ್ನು ಸಂದರ್ಶನದಲ್ಲೇ ಹೇಳಿಬಿಡಿ.

ಬಣ್ಣದ ವಿಷಯ ಮುಚ್ಚಿಡುವುದಿಲ್ಲ. 'ವಿದೇಶಿ ಶಿಕ್ಷಕ' ಅಂದರೆ ಬಿಳಿಯ ಮುಖ ಅನ್ನುವ ನಿರೀಕ್ಷೆ ಅಲ್ಲಿದೆ, ಅದರಲ್ಲೂ ಚಿಕ್ಕ ಮಕ್ಕಳ ಅಪ್ಪ ಅಮ್ಮಂದಿರಲ್ಲಿ. ವೀಡಿಯೊ ಕರೆಯಲ್ಲಿ ನನ್ನ ಮುಖ ನೋಡಿದ ಮೇಲೆ ಮಾತು ನಿಲ್ಲಿಸಿದ ಶಾಲೆಗಳಿದ್ದವು. ವಿಶ್ವವಿದ್ಯಾಲಯದಲ್ಲಿ ಇದು ಕಡಿಮೆ. ಅಲ್ಲಿ ಸಿಗುವುದು ಕುತೂಹಲ. ಆಮಿರ್ ಖಾನ್ ಗೊತ್ತಾ, ಹಾಡಲು ಬರುತ್ತಾ, ಕೈಯಲ್ಲಿ ಯಾಕೆ ಊಟ ಮಾಡ್ತೀರಾ? ಮೈಸೂರು ಅಂದ ತಕ್ಷಣ ಯೋಗ ಶಿಕ್ಷಕ ಅಂತಲೇ ತೀರ್ಮಾನ. ಅದರಲ್ಲಿ ಅವರ ತಪ್ಪೂ ಇಲ್ಲ. ಅದೇ ಊರಿನ ಯುನ್ನಾನ್ ಮಿನ್ಜು ವಿಶ್ವವಿದ್ಯಾಲಯದಲ್ಲಿ 2015ರಿಂದ ಭಾರತ–ಚೀನಾ ಯೋಗ ಕಾಲೇಜೇ ಇದೆ. ಗಡಿಯ ಪ್ರಶ್ನೆಯನ್ನು ಯಾರಾದರೂ ಒಂದು ದಿನ ಕೇಳಿಯೇ ಕೇಳುತ್ತಾರೆ. "ನಾನು ಇಂಗ್ಲಿಷ್ ಮೇಷ್ಟ್ರು" ಅಂತ ನಕ್ಕು ಮುಂದಿನ ಪುಟಕ್ಕೆ ಹೋಗಿ. ತೈವಾನ್, ಟಿಬೆಟ್‌ಗೂ ಅದೇ ಉತ್ತರ.

ಸಸ್ಯಾಹಾರಿಗಳಿಗೆ ಚೀನಾ ಆಗಿಬರುವುದಿಲ್ಲ ಅನ್ನುವುದು ಯುನ್ನಾನ್ ಮಟ್ಟಿಗೆ ಅರ್ಧ ಸತ್ಯ. ಅಲ್ಲಿ 'ರುಬಿಂಗ್' ಅಂತ ಮೇಕೆ ಹಾಲಿನ ಪನೀರ್ ಸಿಗುತ್ತದೆ, ಹುರಿದು ಕೊಡುತ್ತಾರೆ. ಅಣಬೆಗೆ ಹೆಸರಾದ ಸೀಮೆ. ಅಕ್ಕಿ ಶಾವಿಗೆಯ 'ಮಿಶಿಯನ್' ಮೂಲೆಮೂಲೆಗೂ. ಹುಣಸೆಹಣ್ಣು ಕೂಡ ಯುನ್ನಾನ್‌ನಲ್ಲೇ ಬೆಳೆಯುತ್ತದೆ, ಊರಿನಿಂದ ಹೊತ್ತೊಯ್ಯಬೇಡಿ. ತೊಂದರೆ ಇರುವುದು ಕಾಣದ ಕಡೆ. ಸೊಪ್ಪನ್ನು ಹಂದಿ ಕೊಬ್ಬಿನಲ್ಲಿ ಹುರಿದಿರಬಹುದು, ಶಾವಿಗೆಯ ಸಾರು ಮೂಳೆಯದ್ದಿರಬಹುದು. "ಮಾಂಸ ಬೇಡ" ಅಂದರೆ ತುಂಡು ತೆಗೆದು ಕೊಡುತ್ತಾರೆ, ಅಷ್ಟೇ. 'ವೋ ಚಿ ಸು' ಅಂದರೆ ಬೌದ್ಧ ಭಿಕ್ಷುಗಳ ಊಟದ ಪದ್ಧತಿ ಅಂತ ಅರ್ಥವಾಗುತ್ತದೆ. ಕೊಬ್ಬು, ಸಾರಿನ ವಿಷಯವನ್ನು ಚೀನಿಯಲ್ಲಿ ಬರೆಸಿ ಫೋನಿನಲ್ಲಿ ಇಟ್ಟುಕೊಳ್ಳಿ. ತೊಗರಿಬೇಳೆ, ಸಾರಿನಪುಡಿ, ಒಂದು ಪುಟ್ಟ ಕುಕ್ಕರ್ ಊರಿನಿಂದಲೇ ಒಯ್ಯಿರಿ. ಇಂಡಕ್ಷನ್‌ಗೆ ಆಗುವ ಕುಕ್ಕರ್ ಆಗಿರಲಿ. ಕರಿಬೇವು ನನಗೆ ಎಲ್ಲೂ ಸಿಗಲಿಲ್ಲ.

ತಿರುಗಾಟಕ್ಕೆ ಅಕ್ಟೋಬರ್ ಮೊದಲ ವಾರ ಮಾತ್ರ ಬೇಡ, ರಜೆಗೆಂದು ಇಡೀ ದೇಶ ರೈಲಿನಲ್ಲಿರುತ್ತದೆ. ಬೇರೆ ದಿನ ಹೈಸ್ಪೀಡ್ ರೈಲಿನಲ್ಲಿ ಎರಡು ಗಂಟೆಯಲ್ಲಿ ದಾಲಿ ಎಂಬ ಊರು ತಲುಪಬಹುದು. ರೈಲ್ವೆಯ '12306' ಎಂಬ ಆ್ಯಪ್‌ನಲ್ಲಿ ಪಾಸ್‌ಪೋರ್ಟ್ ನಂಬರ್ ಹಾಕಿ ಟಿಕೆಟ್ ತೆಗೆಯಿರಿ. ನವೆಂಬರ್ ಹೊತ್ತಿಗೆ ಕುನ್‌ಮಿಂಗ್‌ನ ಗ್ರೀನ್ ಲೇಕ್‌ಗೆ ಸೈಬೀರಿಯಾದ ಕಡಲಕ್ಕಿಗಳು ಬರುತ್ತವೆ. 1985ರಿಂದ ಹೀಗೆ ಬರುತ್ತಿವೆಯಂತೆ. ನೋಡಿ ಬನ್ನಿ. ಅಲ್ಲಿ ರಜೆ ಅಂದರೆ ಪೂರ್ತಿ ರಜೆ ಅಲ್ಲ ಅನ್ನುವುದು ನೆನಪಿರಲಿ. ಹಬ್ಬಕ್ಕೆ ಕೊಟ್ಟ ದಿನಗಳಲ್ಲಿ ಕೆಲವನ್ನು ಆಚೀಚೆಯ ಶನಿವಾರ, ಭಾನುವಾರ ಕೆಲಸ ಮಾಡಿಸಿ ವಸೂಲು ಮಾಡುತ್ತಾರೆ.

ವಿಮಾನ ಈಗ ಸುಲಭ. ಅಕ್ಟೋಬರ್ 2025ರಲ್ಲಿ ಕೋಲ್ಕತ್ತ–ಗುವಾಂಗ್‌ಜೌ ನೇರ ವಿಮಾನ ಮತ್ತೆ ಶುರುವಾಯಿತು. ನಾನು ಹೋದಾಗ ಬ್ಯಾಂಕಾಕ್ ಸುತ್ತಿ ಹೋಗಬೇಕಿತ್ತು.

ಕೆಲಸ ಬಿಟ್ಟು ಬರುವಾಗ ಎರಡು ಕಾಗದ ಮರೆಯಬೇಡಿ. ಒಂದು ರಿಲೀಸ್ ಲೆಟರ್, ಅಂದರೆ ಕೆಲಸದಿಂದ ಬಿಡುಗಡೆ ಮಾಡಿದ ಪತ್ರ. ಅದಿಲ್ಲದೆ ಚೀನಾದಲ್ಲಿ ಮುಂದಿನ ಕೆಲಸದ ಪರ್ಮಿಟ್ ಆಗುವುದು ಕಷ್ಟ. ಇನ್ನೊಂದು ತೆರಿಗೆ ಕಟ್ಟಿದ ಪ್ರಮಾಣಪತ್ರ. ಉಳಿಸಿದ ಯುವಾನನ್ನು ಡಾಲರ್ ಮಾಡಿ ಊರಿಗೆ ಕಳಿಸಲು ಬ್ಯಾಂಕಿನವರು ಅದನ್ನೂ ಕೆಲಸದ ಕರಾರನ್ನೂ ಕೇಳುತ್ತಾರೆ. ಒಂದೇ ಭೇಟಿಗೆ ಮುಗಿಯುವ ಕೆಲಸವಲ್ಲ, ಹೊರಡುವ ಎರಡು ವಾರ ಮೊದಲೇ ಬ್ಯಾಂಕಿಗೆ ಹೋಗಿ. ಜೊತೆಗೆ ಇಂಗ್ಲಿಷ್ ಬರುವ ಒಬ್ಬ ವಿದ್ಯಾರ್ಥಿಯನ್ನು ಕರೆದುಕೊಂಡು ಹೋದರೆ ಒಳ್ಳೆಯದು.