ಎರಡು ಗಂಟುಗಳಲ್ಲಿ ಕ್ಯಾಲ್ಸಿಯಂ ಏರಿಸಿದ್ದು ಯಾವುದು?

ಮೈಸೂರಿನಲ್ಲಿ ಅಲ್ಟ್ರಾಸೌಂಡ್ ಮಾಡುವುದು ನನ್ನ ಕೆಲಸ. ಥೈರಾಯ್ಡ್ ಗಂಟು ದಿನಾ ನೋಡುತ್ತೇನೆ. ವಯಸ್ಸಾದ ಹೆಂಗಸರಲ್ಲಂತೂ ಜಾಸ್ತಿ. ಹೆಚ್ಚಿನವು ಸುಮ್ನೆ ಇರುತ್ತವೆ. ಅದೇ ಕುತ್ತಿಗೆಯಲ್ಲಿ ಪ್ಯಾರಾಥೈರಾಯ್ಡ್, ಅಂದರೆ ರಕ್ತದ ಕ್ಯಾಲ್ಸಿಯಂ ನೋಡಿಕೊಳ್ಳುವ ಪುಟ್ಟ ಗ್ರಂಥಿ, ಹುಡುಕಬೇಕಾಗಿ ಬಂದಾಗ ಮಾತ್ರ ತಲೆನೋವು ಶುರು.

ಮದ್ದೂರು ಕಡೆಯ ಒಬ್ಬರು ಅಜ್ಜಿ. ಕಿಡ್ನಿಯಲ್ಲಿ ಪದೇ ಪದೇ ಕಲ್ಲು, ಮೈಕೈ ನೋವು. ರಕ್ತದಲ್ಲಿ ಕ್ಯಾಲ್ಸಿಯಂ 11.6, ಇರಬೇಕಾದ್ದಕ್ಕಿಂತ ಜಾಸ್ತಿ. ಜೊತೆಗೆ ಪ್ಯಾರಾಥೈರಾಯ್ಡ್ ಹಾರ್ಮೋನೂ ಜಾಸ್ತಿ. ಕ್ಯಾಲ್ಸಿಯಂ ಏರಿಸುವುದೇ ಆ ಹಾರ್ಮೋನ್, ಹಾಗಾಗಿ ಕ್ಯಾಲ್ಸಿಯಂ ಏರಿದರೆ ಅದು ಇಳಿಯಬೇಕು. ಎರಡೂ ಒಟ್ಟಿಗೆ ಮೇಲಿದ್ದರೆ ಪ್ಯಾರಾಥೈರಾಯ್ಡ್ ಮಿತಿಮೀರಿ ಕೆಲಸ ಮಾಡುವ ಕಾಯಿಲೆ ಹೆಚ್ಚುಕಡಿಮೆ ಅಲ್ಲೇ ಗೊತ್ತಾಯಿತು. 'ಕಾಯಿಲೆ ಇದೆಯಾ ಸ್ಕ್ಯಾನ್ ಮಾಡಿ ಹೇಳಿ' ಅಂತ ಚೀಟಿ ಬಂದರೆ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ. ಅದನ್ನು ಹೇಳುವುದು ರಕ್ತ. ಎಲ್ಲಿ ಕೊಯ್ಯಬೇಕು ಅಂತ ಸರ್ಜನ್‌ಗೆ ತೋರಿಸುವುದಷ್ಟೇ ನಮ್ಮ ಕೆಲಸ. ಸ್ಕ್ಯಾನ್‌ನಲ್ಲಿ ಏನೂ ಕಾಣದಿದ್ದರೂ ಕಾಯಿಲೆ ಇರಬಹುದು.

ಪ್ಯಾರಾಥೈರಾಯ್ಡ್ ಗ್ರಂಥಿಗಳು ಸಾಮಾನ್ಯವಾಗಿ 4. ಥೈರಾಯ್ಡ್ ಹಿಂದೆ ಕೂತಿರುತ್ತವೆ, ಅಕ್ಕಿಕಾಳಿನಷ್ಟು. ಈ ಕಾಯಿಲೆಯ 100 ರೋಗಿಗಳಲ್ಲಿ 80ಕ್ಕೂ ಜಾಸ್ತಿ ಜನರಲ್ಲಿ ಕೆಟ್ಟಿರುವುದು ಒಂದೇ ಒಂದು.

ಅಜ್ಜಿಯ ಭುಜದ ಕೆಳಗೆ ದಿಂಬು ಕೊಟ್ಟು ತಲೆ ಹಿಂದಕ್ಕೆ ಬಾಗಿಸಿದೆ. ಬಲಗಡೆ ಥೈರಾಯ್ಡ್ ಒಳಗೇ 2 ಸೆಂಟಿಮೀಟರ್ ಗಂಟು. ಎಡಗಡೆ ಕೆಳತುದಿಯ ಹಿಂದೆ ಕಪ್ಪಗೆ, ಉದ್ದನೆಯದು ಇನ್ನೊಂದು. ಹಿಂದಕ್ಕೆ ಚಾಚಿಕೊಂಡ ಥೈರಾಯ್ಡ್ ಗಂಟೂ ಹೀಗೇ ಕಾಣುತ್ತದೆ. ಹಾಗಾಗಿ ಉಗುಳು ನುಂಗಲು ಹೇಳಿ, ಪ್ರೋಬ್ ಮೆಲ್ಲಗೆ ಒತ್ತಿ, ಓರೆ ಮಾಡಿ ನೋಡಿದೆ. ಥೈರಾಯ್ಡ್‌ಗೂ ಅದಕ್ಕೂ ನಡುವೆ ತೆಳ್ಳನೆಯ ಬಿಳಿ ಗೆರೆ ಕಂಡಿತು. ಅಂದರೆ ಪೊರೆಯಾಚೆಗಿದೆ. ರಕ್ತದ ಹರಿವು ತೋರಿಸುವ ಡಾಪ್ಲರ್ ಹಾಕಿದರೆ ಒಂದು ತುದಿಯಿಂದ ರಕ್ತನಾಳ ಒಳಹೊಕ್ಕು ಅಂಚು ಹಿಡಿದು ಸುತ್ತಿತ್ತು. ಇದು ಪ್ಯಾರಾಥೈರಾಯ್ಡ್‌ನ ಚಾಳಿ.

"ಆವಾಗಿಂದ ಅಲ್ಲೇ ಒತ್ತಿ ಒತ್ತಿ ನೋಡ್ತಿದ್ದೀಯಲ್ಲವ್ವ, ಏನಾರ ಸಿಕ್ತಾ?"

"ಸಿಕ್ಕಂಗಿದೆ ಅಜ್ಜಿ. ಇನ್ನೊಂದು ಪರೀಕ್ಷೆ ಆಗ್ಲಿ."

ಆ ಇನ್ನೊಂದು ಸೆಸ್ಟಮಿಬಿ ಸ್ಕ್ಯಾನ್. ವಿಕಿರಣ ಸೂಸುವ ಟೆಕ್ನೀಷಿಯಂ ಸೇರಿಸಿದ ಔಷಧಿ ನರಕ್ಕೆ ಕೊಟ್ಟು, ಹತ್ತು ಹದಿನೈದು ನಿಮಿಷಕ್ಕೊಂದು, ಸುಮಾರು 2 ಗಂಟೆ ಬಿಟ್ಟು ಇನ್ನೊಂದು ಚಿತ್ರ ತೆಗೆಯುತ್ತಾರೆ. ಥೈರಾಯ್ಡ್ ಔಷಧಿಯನ್ನು ಬೇಗ ಬಿಟ್ಟುಬಿಡುತ್ತದೆ. ಕೆಟ್ಟ ಪ್ಯಾರಾಥೈರಾಯ್ಡ್‌ನ ಕೋಶಗಳಲ್ಲಿ ಮೈಟೊಕಾಂಡ್ರಿಯಾ (ಕೋಶಕ್ಕೆ ಶಕ್ತಿ ಕೊಡುವ ಭಾಗ) ಜಾಸ್ತಿ, ಹಾಗಾಗಿ ಅದು ಔಷಧಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಲೆಕ್ಕವೇನೋ ಚೆನ್ನಾಗಿದೆ. ಆದರೆ ಕೆಲವು ಥೈರಾಯ್ಡ್ ಗಂಟುಗಳೂ ಬಿಡುವುದಿಲ್ಲವಲ್ಲ! ಅಜ್ಜಿಯ ಎರಡನೇ ಚಿತ್ರದಲ್ಲಿ ಎರಡು ಚುಕ್ಕೆ, ಬಲಗಡೆಯದೇ ಜಾಸ್ತಿ ಹೊಳೆಯುತ್ತಿತ್ತು. ಅದೊಂದನ್ನೇ ನಂಬಿದ್ದರೆ ಆಪರೇಷನ್ ಬಲಗಡೆ ಆಗುತ್ತಿತ್ತು. ಆ ಚುಕ್ಕೆಗಳನ್ನು ಸಿಟಿ ಚಿತ್ರದ ಮೇಲೆ ಕೂರಿಸಿ ತೋರಿಸುವ ಸ್ಪೆಕ್ಟ್-ಸಿಟಿಯಲ್ಲಿ ನೋಡಿದಾಗ ಬಲಗಡೆಯ ಚುಕ್ಕೆ ಥೈರಾಯ್ಡ್ ಒಳಗಿನ ಗಂಟಿನ ಮೇಲೇ ಕೂತಿತು. ಎಡಗಡೆಯದು ನಾನು ಕಂಡ ಜಾಗಕ್ಕೇ ಹೊಂದಿತು. ಹೊಂದದೇ ಹೋಗಿದ್ದರೆ 4ಡಿ ಸಿಟಿ (ಔಷಧಿ ಕೊಟ್ಟು ಹಲವು ಹಂತಗಳಲ್ಲಿ ಚಿತ್ರ ತೆಗೆಯುವ ಸ್ಕ್ಯಾನ್) ಮಾಡಿಸಬೇಕಿತ್ತು.

ಬಲಗಡೆ ಗಂಟಿಗೆ ಆಪರೇಷನ್‌ಗೆ ಮುಂಚೆಯೇ ಸೂಜಿ ಪರೀಕ್ಷೆ ಆಯಿತು. ಅದನ್ನೂ ತೆಗೆಯಬೇಕಿದ್ದರೆ ಒಂದೇ ಸಲಕ್ಕೆ ಮುಗಿಯಲಿ ಅಂತ. ಎಡಗಡೆಯದಕ್ಕೆ ಸೂಜಿ ಹಾಕಲಿಲ್ಲ. ಪ್ಯಾರಾಥೈರಾಯ್ಡ್ ಕೋಶಗಳು ಮೈಕ್ರೋಸ್ಕೋಪಿನಲ್ಲಿ ಥೈರಾಯ್ಡ್ ಥರವೇ ಕಂಡು ದಾರಿ ತಪ್ಪಿಸಬಹುದು. ಹಾಕಲೇಬೇಕಾಗಿ ಬಂದರೆ ಸೂಜಿ ತೊಳೆದ ನೀರಿನಲ್ಲಿ ಹಾರ್ಮೋನ್ ಅಳೆಯಬೇಕು.

ಬಲಗಡೆಯದು ಕ್ಯಾನ್ಸರ್ ಅಲ್ಲ ಅಂತ ಬಂತು. ಎಡಗಡೆಯದನ್ನಷ್ಟೇ ಸಣ್ಣ ಗಾಯದಲ್ಲಿ ತೆಗೆದರು, ಕ್ಯಾಲ್ಸಿಯಂ ಇಳಿಯಿತು. ಆಮೇಲೆ ಬಂದಾಗ ಅಜ್ಜಿಗೆ ಒಂದೇ ಅನುಮಾನ: "ದೊಡ್ಡದನ್ನ ಬಿಟ್ಟು ಚಿಕ್ಕದನ್ನ ತೆಗೆದವ್ರಲ್ಲವ್ವ, ಯಾಕೆ?" ರಿಪೋರ್ಟಿನ ಹಿಂದೆ ಚಿತ್ರ ಬರೆದು ತೋರಿಸಿದೆ. ದೊಡ್ಡದಕ್ಕೆ ಮುಂದಿನ ವರ್ಷ ಒಂದು ಸ್ಕ್ಯಾನ್ ಸಾಕು ಅಂದೆ.